ಕಾಫಿ ಮರದ ಬೆಣೆ

ಕಂಬದ ತುದಿಯಲ್ಲಿ ಇರಬೇಕಾದ ಕ್ರಾಸ್ ಆರ್ಮ್ ಎರಡು ಮೊಳ ಕೆಳಗೆ ಕೂತಿತ್ತು. ಮುರಿದಿರಲಿಲ್ಲ, ಬಿದ್ದಿರಲಿಲ್ಲ. ಯಾರೋ ತುದಿಯಿಂದ ಮೆಲ್ಲಗೆ ಇಳಿಸಿ, ಒಂದು ಭುಜ ವಾಲಿಸಿ, ಅಲ್ಲೇ ಬಿಟ್ಟು ಹೋದ ಹಾಗಿತ್ತು. ಮೂರು ತಂತಿಗಳಲ್ಲಿ ಒಂದು ಪಕ್ಕದ ಸಿಲ್ವರ್ ಓಕ್ ಮರಕ್ಕೆ ತಾಗಿ, ಅಲ್ಲಿನ ಎಲೆಗಳು ಸುಟ್ಟು ಕಪ್ಪಾಗಿದ್ದವು. ಲೈನ್ ಕೆಲಸದಲ್ಲೇ ತಲೆ ಬೆಳ್ಳಗಾದವನು ನಾನು. ಕಂಬ ಮುರಿದದ್ದು ನೋಡಿದ್ದೇನೆ, ತಂತಿ ತುಂಡಾದದ್ದು ನೋಡಿದ್ದೇನೆ, ಒಂದೇ ಮರ ಬಿದ್ದು ಸಾಲು ಕಂಬಗಳು ಮಲಗಿದ್ದನ್ನೂ ನೋಡಿದ್ದೇನೆ. ಆದರೆ ಗಾಳಿ ಮಳೆ ಯಾವುದೂ ಇಲ್ಲದ ಮಾರ್ಚ್ ತಿಂಗಳ ಸುಡುಬಿಸಿಲಿನಲ್ಲಿ ಒಂದು ಆರ್ಮ್ ತಾನಾಗಿ ಇಳಿದು ಬಂದದ್ದನ್ನು ನೋಡಿದ್ದು ಅದೇ ಮೊದಲು.

"ಏನ್ಲಾ ಇದು?" ಅಂತ ಜೊತೆಗಾರ ಲೈನ್‌ಮ್ಯಾನನ್ನು ಕೇಳಿದೆ.

"ನಂಗೆಂತ ಗೊತ್ತಣ್ಣ? ನಾನೂ ನಿಮ್ ಜೊತೆಗೇ ಬಂದದ್ದಲ್ವಾ" ಅಂದ. ಅವನು ಮಡಿಕೇರಿಯಿಂದಾಚೆ ಪಡುವಣ ಕಡೆಯವನು, ಮನೆಯಲ್ಲಿ ಅರೆಭಾಷೆ. ಯಾವುದಕ್ಕೂ ಬೆಚ್ಚದ ಆಸಾಮಿ. ಅವತ್ತು ಅವನೂ ಬಾಯಿ ತೆರೆದುಕೊಂಡೇ ಮೇಲೆ ನೋಡುತ್ತಿದ್ದ.

ಸೋಮವಾರಪೇಟೆ ರಸ್ತೆಯಿಂದ ಒಳಗೆ, ಕಾಫಿ ತೋಟದ ಇಳಿಜಾರಿನಲ್ಲಿ ಹಾದುಹೋಗುವ ಹನ್ನೊಂದು ಸಾವಿರ ವೋಲ್ಟಿನ ಲೈನ್ ಅದು. ಹೋದ ಮಳೆಗಾಲದ ನಡುವೆ ಗುತ್ತಿಗೆದಾರರು ಎಳೆದು ಮುಗಿಸಿ ನಮಗೆ ಒಪ್ಪಿಸಿದ್ದರು. ಇನ್ನೂ ವರ್ಷ ತುಂಬಿರಲಿಲ್ಲ. ತುಕ್ಕು ಹಿಡಿಯುವಷ್ಟು ವಯಸ್ಸೂ ಅದಕ್ಕೆ ಆಗಿರಲಿಲ್ಲ.

ಕ್ರಾಸ್ ಆರ್ಮ್ ಅಂದರೆ ಕಂಬದ ತುದಿಯಲ್ಲಿ ತಂತಿಗಳನ್ನು ಹೊರುವ ಅಡ್ಡ ತೋಳು. ಕಾಂಕ್ರೀಟ್ ಕಂಬಕ್ಕೆ ಮನಸ್ಸು ಬಂದಲ್ಲಿ ತೂತು ಕೊರೆಯುವ ಹಾಗಿಲ್ಲ. ಹಾಗಾಗಿ ಕಂಬದ ಬೆನ್ನಿಗೊಂದು ಕಬ್ಬಿಣದ ಪಟ್ಟಿ ಕೊಟ್ಟು, ಎರಡೂ ಕಡೆ ಬೋಲ್ಟ್ ಬಿಗಿದು, ತೋಳು ಕಂಬವನ್ನು ಅಪ್ಪಿಕೊಳ್ಳುವಂತೆ ಮಾಡುತ್ತೇವೆ. ಅದು ಮೇಲಿನ ಕ್ಲ್ಯಾಂಪು. ತೋಳು ವಾಲಬಾರದೆಂದು ಅದರ ಎರಡೂ ಭುಜಗಳಿಂದ ಓರೆಯಾಗಿ ಎರಡು ಬ್ರೇಸ್ ಪಟ್ಟಿಗಳು ಇಳಿದು ಕಂಬಕ್ಕೆ ಸೇರುತ್ತವೆ. ಅವುಗಳ ಕಾಲನ್ನು ಹಿಡಿಯುವುದು ಕೆಳಗಿನ ಕ್ಲ್ಯಾಂಪು. ಇಷ್ಟೇ ವಿದ್ಯೆ. ಕಂಬ ತುದಿಯಲ್ಲಿ ಸಪೂರ, ಬುಡಕ್ಕೆ ಬರುತ್ತಾ ದಪ್ಪ. ಕ್ಲ್ಯಾಂಪು ಆಯಾ ಜಾಗದ ಅಳತೆಗೆ ಸರಿಯಾಗಿರಬೇಕು.

ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಎಲ್‌ಸಿ ತೆಗೆದುಕೊಂಡೆ. ಲೈನ್ ಕ್ಲಿಯರ್ ಅನ್ನುವುದಕ್ಕೆ ನಮ್ಮ ಬಾಯಲ್ಲಿ ಎಲ್‌ಸಿ. ಕರೆಂಟು ತೆಗೆದಿದ್ದೇವೆ, ಇನ್ನು ಕಂಬ ಹತ್ತಬಹುದು ಅನ್ನುವ ಮಾತು ಅದು. ಯಾರ ಹೆಸರಿಗೆ ಎಲ್‌ಸಿ ಕೊಟ್ಟಿರುತ್ತಾರೋ ಅವರೇ ಅದನ್ನು ವಾಪಸ್ ಕೊಡಬೇಕು. ಅಲ್ಲಿಯವರೆಗೆ ಆ ಲೈನಿಗೆ ಕರೆಂಟು ಬಿಡುವಂತಿಲ್ಲ. ಎರಡೂ ಕಡೆ ಅರ್ಥ್ ರಾಡ್ ಹಾಕಿ, ಬೆಲ್ಟ್ ಕಟ್ಟಿ ಹತ್ತಿದೆ. ಸ್ಪ್ಯಾನರ್ ಕೊಟ್ಟು ಜಗ್ಗಿದರೆ ನಟ್ ಅಲುಗಲಿಲ್ಲ. ಬಿಗಿಯಾದ ಬಿಗಿ! ಹಗ್ಗ ಕಟ್ಟಿ ಆರ್ಮನ್ನು ಮತ್ತೆ ತುದಿಗೆ ಎಳೆದುಕೊಂಡಾಗ ಕ್ಲ್ಯಾಂಪು ಬಟ್ಟಲಿನೊಳಗೆ ಚಮಚ ಇಟ್ಟಂತೆ ಲೊಟಲೊಟ ಅಲ್ಲಾಡಿತು. ಅದು ಕಂಬದ ದಪ್ಪ ಭಾಗಕ್ಕೆ ಬಂದು ಸಿಕ್ಕಿಕೊಂಡಿದ್ದರಿಂದ ಪೂರ್ತಿ ನೆಲಕ್ಕೆ ಬಂದಿರಲಿಲ್ಲ, ಅಷ್ಟೆ.

ಕೆಳಗಿನಿಂದ ಜೊತೆಗಾರ ಕೂಗಿದ, "ಅಣ್ಣ, ಇಲ್ಲಿ ಕೆಸರು ನೋಡಿ."

ಕಂಬದ ಬುಡದಿಂದ ಆಳೆತ್ತರಕ್ಕೂ ಮೀರಿ ಒಣಗಿದ ಕೆಸರು ಮೆತ್ತಿತ್ತು. ಆನೆ ಮೈ ಉಜ್ಜಿದ ಗುರುತು. ತೋಟದ ನೀರು ತಲುಪದ ಅಂಚು ಅದು, ಪಕ್ಕದಲ್ಲೇ ಅವುಗಳು ಓಡಾಡುವ ದಾರಿ. ದುಬಾರೆ ಶಿಬಿರದ ಆನೆಗಳಿಗೆ ಪ್ರವಾಸಿಗಳು ಮೈ ತಿಕ್ಕುತ್ತಾರೆ, ಪಾಪ ನಮ್ಮ ಕಡೆಯವಕ್ಕೆ ಕರೆಂಟ್ ಕಂಬವೇ ಗತಿ ಅಂತ ಇಬ್ಬರೂ ನಕ್ಕೆವು. ಆನೆ ಅಲ್ಲಾಡಿಸಿದ ಏಟಿಗೆ ಕ್ಲ್ಯಾಂಪು ಅಗಲವಾಗಿದೆ ಅನ್ನಿಸಿತು. ನ್ಯಾಯವಾಗಿ ಯಾರಿಗಾದರೂ ಹಾಗೇ ಅನ್ನಿಸಬೇಕು. ಜೀಪಿನಲ್ಲಿದ್ದ ಹಳೇ ಕ್ಲ್ಯಾಂಪುಗಳಲ್ಲಿ ಅಳತೆಗೆ ಹೊಂದುವ ಜೋಡಿ ಹುಡುಕಿ ಬಿಗಿದೆ.

ಅಷ್ಟರಲ್ಲಿ ತೋಟದ ಸಾಹುಕಾರರು ಬಂದರು. ಅರವತ್ತು ದಾಟಿದ ಗಟ್ಟಿ ಜೀವ, ಮಾತು ಇನ್ನೂ ಗಟ್ಟಿ. ಅವರ ಪಂಪ್‌ಸೆಟ್ಟಿಗೆ ಇದೇ ಲೈನು. "ಎಂತ ಮಾರಾಯ, ಮೊಗ್ಗು ಬಂದು ಕೂತಿದೆ. ಕೆಳಗಿನ ಬ್ಲಾಕಿಗೆ ನೀರು ಕೊಟ್ಟಾಯ್ತು, ಮೇಲಿನದ್ದು ಅರ್ಧದಲ್ಲಿದೆ. ಅರ್ಧ ನೆನೆದ ಮೊಗ್ಗು ಅರಳುವುದೂ ಇಲ್ಲ, ಉಳಿಯುವುದೂ ಇಲ್ಲ, ಕರಟಿ ಹೋಗ್ತದೆ. ಬೇಗ ಬಿಡಿ" ಅಂದರು. ರೊಬಸ್ಟಾ ಕಾಫಿ ಬೆಳೆಯುವವರ ಸಂಕಟ ನನಗೆ ಗೊತ್ತಿಲ್ಲದ್ದಲ್ಲ. ಮೊಗ್ಗು ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರೇ ಅವರ ದೇವರು.

ಹಾಗೆಂದು ನೋಡದೆ ಬಿಡಲಿಲ್ಲ. ಕೆಳಗಿನ ಬ್ಲಾಕಿನ ಕಂಬಗಳನ್ನೆಲ್ಲ ಒಂದೊಂದಾಗಿ ಹತ್ತಿದೆವು. ಸ್ಪ್ರಿಂಕ್ಲರ್ ನೀರು ಬಡಿದು ಕಂಬಗಳೆಲ್ಲ ತೊಯ್ದಿದ್ದವು, ಅಂಗಿ ಒದ್ದೆಯಾಯಿತು ಅಂತ ಜೊತೆಗಾರ ಗೊಣಗಿದ. ಪ್ರತಿ ಆರ್ಮಿನ ಮೇಲೂ ಮೈಭಾರ ಬಿಟ್ಟು ಜಗ್ಗಿದೆವು. ಒಂದೂ ಮಿಸುಕಲಿಲ್ಲ. ಆರ್ಮು, ಕ್ಲ್ಯಾಂಪು, ಬೋಲ್ಟು ಎಲ್ಲದಕ್ಕೂ ಒಂದೇ ಸಮ ಬೆಳ್ಳಿ ಬಣ್ಣ ಬಳಿದು ಅಚ್ಚುಕಟ್ಟಾಗಿ ಮಾಡಿದ್ದರು. ಒಳ್ಳೇ ಕೆಲಸಗಾರರು ಅಂದುಕೊಂಡೆ. ಹೊತ್ತು ಇಳಿಯುತ್ತಿತ್ತು, ಮೇಲಿನ ಬ್ಲಾಕಿನ ಕಂಬಗಳನ್ನು ನೋಡದೆಯೇ ಎಲ್‌ಸಿ ವಾಪಸ್ ಕೊಟ್ಟೆ. ಪಂಪು ಓಡಿತು, ಸಾಹುಕಾರರು ಕಾಫಿ ಕುಡಿಸಿಯೇ ಕಳಿಸಿದರು.

ಮಾರನೇ ಬೆಳಗ್ಗೆ ಮೇಲಿನ ಬ್ಲಾಕಿನಲ್ಲಿ ಇನ್ನೊಂದು ಇಳಿಯಿತು.

ನಾವು ಹೋಗುವಷ್ಟರಲ್ಲಿ ಜನ ಸೇರಿತ್ತು. ಅಲ್ಲಿ ಸಿಲ್ವರ್ ಓಕ್ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿದ್ದಾರೆ, ಮೆಣಸು ಕೊಯ್ಲು ನಡೆದಿತ್ತು. ಕೊಯ್ಯುವವನು ಅಲ್ಯೂಮಿನಿಯಂ ಏಣಿಯಿಂದ ಇಳಿದು, ತುಂಬಿದ ಚೀಲ ಸುರಿಯಲು ನಾಲ್ಕು ಹೆಜ್ಜೆ ಆಚೆ ಹೋಗಿದ್ದ. ಏಣಿ ಹಿಡಿದು ನಿಂತಿದ್ದ ಅವನ ಹೆಂಡತಿ ಚೀಲದ ಬಾಯಿ ಬಿಡಿಸಲು ಅವನ ಹಿಂದೆಯೇ ಹೋಗಿದ್ದಳು. ಆ ಗಳಿಗೆಯಲ್ಲಿ ಆರ್ಮ್ ಜಾರಿತು, ಜೋತ ತಂತಿ ಏಣಿಯ ತುದಿಗೆ ತಾಗಿತು, ಸಿಡಿಲು ಬಡಿದ ಸದ್ದಾಗಿ ಲೈನ್ ಟ್ರಿಪ್ ಆಯಿತು. ಏಣಿಯ ತುದಿ ಕರಗಿ ಮುದ್ದೆಯಾಗಿತ್ತು. ಅದರ ಕಾಲು ಊರಿದ್ದ ಕಡೆ ತರಗೆಲೆ ಸುಟ್ಟು ಎರಡು ಕಪ್ಪು ಗುಂಡಿಗಳು.

ಕೊಯ್ಯುವವನು ನೆಲದಲ್ಲಿ ಕೂತು ಆ ಗುಂಡಿಗಳನ್ನೇ ನೋಡುತ್ತಿದ್ದ. ಹೆಂಡತಿ ಅವನ ಅಂಗಿಯ ತೋಳನ್ನು ಹಿಡಿದವಳು ಬಿಟ್ಟೇ ಇರಲಿಲ್ಲ. "ಈಗ ಇಳಿದದ್ದು ಸಾರ್, ಈಗ ಇಳಿದದ್ದು" ಅಂತ ಅಷ್ಟನ್ನೇ ಹೇಳುತ್ತಿದ್ದಳು. ನಾನು ನೀರು ಕುಡಿಯಮ್ಮಾ ಅಂದೆ. ಹಿಂದಿನ ಸಂಜೆ ಇದೇ ಲೈನಿಗೆ ಕರೆಂಟು ಬಿಡಿ ಅಂತ ಹೇಳಿದ ಬಾಯಿ ಇದು.

ಆ ಬ್ಲಾಕಿನ ಸುತ್ತ ಆನೆ ಕಂದಕವಿದೆ, ಸೋಲಾರ್ ಬೇಲಿಯಿದೆ. ಕಂಬದ ಮೇಲೆ ಕೆಸರಿನ ಚುಕ್ಕೆಯೂ ಇರಲಿಲ್ಲ. ಆನೆಯ ತಲೆಗೆ ಕಟ್ಟುವ ಹಾಗಿರಲಿಲ್ಲ.

ಎಲ್‌ಸಿ ತೆಗೆದುಕೊಂಡು ಹತ್ತಿದೆ. ಅದೇ ಕಥೆ. ನಟ್ ಬಿಗಿ, ಕ್ಲ್ಯಾಂಪು ಸಡಿಲ. ಈ ಸಲ ನಟ್ಟನ್ನು ಪೂರ್ತಿ ಬಿಚ್ಚಿ ನೋಡಿದೆ. ಅದು ಬೋಲ್ಟಿನ ಥ್ರೆಡ್ ಮುಗಿಯುವಲ್ಲಿಗೆ ಬಂದು ನಿಂತಿತ್ತು. ಅಂದರೆ ಸ್ಪ್ಯಾನರಿಗೆ ತಿಳಿಯುತ್ತಿದ್ದ ಬಿಗಿ ಕಂಬದ್ದಲ್ಲ, ಥ್ರೆಡ್ಡಿನದು. ಕ್ಲ್ಯಾಂಪು ಕಂಬವನ್ನು ಮುಟ್ಟಿಯೇ ಇರಲಿಲ್ಲ, ಬೆರಳು ತೂರುವಷ್ಟು ಸಂದಿ. ಇನ್ನೂ ದಪ್ಪ ಕಂಬಕ್ಕೆ ಮಾಡಿದ ಕ್ಲ್ಯಾಂಪದು. ಹಾಗಾದರೆ ಇಷ್ಟು ತಿಂಗಳು, ಆ ಮಳೆ ಗಾಳಿಯಲ್ಲಿ, ಇದನ್ನು ಹಿಡಿದು ನಿಲ್ಲಿಸಿದ್ದು ಯಾವುದು?

ಉತ್ತರ ಜೊತೆಗಾರನಿಗೆ ತರಗೆಲೆಯಲ್ಲಿ ಸಿಕ್ಕಿತು. ಅಂಗೈ ಅಗಲದ ಒಂದು ಮರದ ಬೆಣೆ. ಒಂದು ಮೈಗೆ ಬೆಳ್ಳಿ ಬಣ್ಣ, ಉಳಿದದ್ದು ಬರೀ ಮರ. ಒಂದು ತುದಿ ತೆಳ್ಳಗೆ, ಇನ್ನೊಂದು ದಪ್ಪ, ಕಂಬದ ಅಂಚಿಗೆ ಕೂರುವಂತೆ ಒಂದು ಮೂಲೆ ಸವರಿತ್ತು. ಕತ್ತಿಯಿಂದ ಇಷ್ಟು ನಯವಾಗಿ ಕೆತ್ತುವುದು ಎಲ್ಲರ ಕೈಲಾಗದು. ಜೊತೆಗಾರ ಅದನ್ನು ಉಗುರಿನಿಂದ ಕೆರೆದು ನೋಡಿ, "ಕಾಫಿ ಮರ ಅಣ್ಣ" ಅಂದ.

ಮರದ ಬೆಣೆ! ಹನ್ನೊಂದು ಸಾವಿರ ವೋಲ್ಟಿನ ಲೈನು ಮರದ ಬೆಣೆಯ ಮೇಲೆ! ಬೈಗುಳ ಬಾಯಿತನಕ ಬಂದು ಅಲ್ಲೇ ನಿಂತಿತು, ಬೈಯಲು ಎದುರಿಗೆ ಯಾರೂ ಇರಲಿಲ್ಲ. ಮೇಲಿನ ಬ್ಲಾಕಿನ ಉಳಿದ ಕಂಬಗಳನ್ನು ಹತ್ತಿದೆ. ಬೆಳ್ಳಿ ಬಣ್ಣದಡಿ ಬೆಣೆ ಎಲ್ಲಿದೆಯೆಂದು ಈಗ ಕಣ್ಣಿಗೆ ಗೊತ್ತಾಗುತ್ತಿತ್ತು. ಎರಡು ಬೆರಳಲ್ಲಿ ಹಿಡಿದು ಎಳೆದರೆ ಹೊರಗೆ ಬಂತು. ಒಂದು ಕಡೆಯಂತೂ ಮುಟ್ಟುವ ಮೊದಲೇ ಉದುರಿತು. ಕೆಳಗಿನ ಬ್ಲಾಕಿಗೆ ಹೋಗಿ ಅಂಥದೇ ಬೆಣೆ ಎಳೆದರೆ ಜಪ್ಪಯ್ಯ ಅಂದರೂ ಬರಲಿಲ್ಲ, ಸುತ್ತಿಗೆ ಬೇಕಾಯಿತು. ಒಂದೇ ಲೈನು, ಒಂದೇ ಕೈ ಮಾಡಿದ ಕೆಲಸ. ಇಲ್ಲಿ ಕಲ್ಲಿನಂತೆ, ಅಲ್ಲಿ ಹಾಲುಹಲ್ಲಿನಂತೆ. ಯಾಕೆ ಅನ್ನುವುದು ಅವತ್ತು ಹೊಳೆಯಲಿಲ್ಲ. ಎಲ್‌ಸಿಯನ್ನು ಹಾಗೇ ಇಟ್ಟುಕೊಂಡು ಮನೆಗೆ ಹೋದೆ.

ಮರುದಿನ ತೋಟಕ್ಕೆ ಹೋದಾಗ ನೀರಿನ ತೊಟ್ಟಿಯ ಹತ್ತಿರ ಅದೇ ಹೆಂಗಸು ಗುದ್ದಲಿಯನ್ನು ತಲೆಕೆಳಗಾಗಿ ನೀರಿಗಿಟ್ಟು ಕಾಯುತ್ತಿದ್ದಳು. ಮೆಣಸಿನ ಪಿಕ್ಕಿಂಗ್ ನಿಂತಿದ್ದರಿಂದ, ಆಳುಗಳ ಲೆಕ್ಕ ಬರೆಯುವ ರೈಟರ್ ಅವಳನ್ನು ಗುಂಡಿ ತೋಡಲು ಹಾಕಿದ್ದರು.

"ಯಜಮಾನ್ರು ಹೆಂಗವ್ರಮ್ಮಾ?" ಅಂತ ಕೇಳಿದೆ.

"ಮಲಗಿದ್ದಾರೆ ಸಾರ್. ಜ್ವರ ಬಂದಿದೆ, ಹೆದರಿಕೆಗೆ. ನಾನಾದ್ರೂ ಬರ್ಬೇಕಲ್ಲ." ಗುದ್ದಲಿ ಎತ್ತಿ, ಅದರ ಮರದ ಹಿಡಿಯನ್ನು ಒಮ್ಮೆ ಕುಟ್ಟಿ ನೋಡಿ ಮತ್ತೆ ನೀರಿಗಿಟ್ಟಳು. "ಬೇಸಿಗೆಗೆ ಕಾವು ಲೂಸ್ ಆಗ್ತದೆ ನೋಡಿ."

ನಾನು ನಿಂತಲ್ಲೇ ನಿಂತೆ. ಇದನ್ನು ಕಾಣದವನೇನಲ್ಲ ನಾನು. ನಮ್ಮಪ್ಪನ ಕಾಲದಲ್ಲಿ ಹಾಸನದ ಕಡೆಯಿಂದ ಕುಶಾಲನಗರದ ಬಯಲಿಗೆ ಬಂದು ನೆಲೆ ನಿಂತವರು ನಾವು. ಶುಂಠಿ ಕೀಳುವ ಕಾಲದಲ್ಲಿ ನನ್ನ ಹೆಂಡತಿಯೂ ದಿನಾ ಬೆಳಗ್ಗೆ ಬಕೆಟ್ಟಿನಲ್ಲಿ ಗುದ್ದಲಿ ನೆನೆಹಾಕುತ್ತಾಳೆ. ನೀರು ಕುಡಿದರೆ ಮರ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಹಸಿ ಮರವಾದರೆ ಇನ್ನೂ ಹೆಚ್ಚು ಕುಗ್ಗುತ್ತದೆ. ಬೆಣೆ ಹೊಡೆದದ್ದು ಮಳೆಗಾಲದಲ್ಲಿ, ಹಸಿ ಕಾಫಿ ಮರದ್ದು. ಮಳೆಯುದ್ದಕ್ಕೂ ಕಬ್ಬಿಣವೇ ನಾಚುವಂತೆ ಹಿಡಿದುಕೊಂಡಿದೆ. ಚಳಿ ಕಳೆದು ಬಿಸಿಲು ಏರಿದ ಮೇಲೆ ಒಳಗೊಳಗೇ ಸೊರಗಿದೆ. ಮೇಲಿನ ಬ್ಲಾಕಿನ ಕಂಬಗಳಿರುವ ಕಡೆಗೆ ನೀರು ಇನ್ನೂ ತಲುಪಿರಲಿಲ್ಲ, ಕೆಳಗಿನ ಬ್ಲಾಕಿನಲ್ಲಿ ಸ್ಪ್ರಿಂಕ್ಲರ್ ನೀರು ಬಡಿದು ಮತ್ತೆ ಉಬ್ಬಿದೆ. ಅದಕ್ಕೇ ನಾವು ಜಗ್ಗಿದಾಗ ಮಿಸುಕಿರಲಿಲ್ಲ. ನಾನು ನಂಬಿ ಬೆಲ್ಟ್ ಹಾಕಿ ನೇತಾಡಿದ್ದು ಒಂದು ಒದ್ದೆ ಚಕ್ಕೆಗೆ ಅನ್ನುವುದು ಆಗ ತಲೆಗೆ ಹೋಯಿತು.

ಹೊತ್ತು ಏರುತ್ತಿದ್ದಂತೆ ನಮ್ಮ ಸೆಕ್ಷನ್ನಿನ ಇಂಜಿನಿಯರ್ ಮೇಡಂ ಬಂದರು, ಹಿಂದೆಯೇ ಸಾಹುಕಾರರ ಜೀಪು. ಬೆಣೆಗಳನ್ನು ಜೀಪಿನ ಬಾನೆಟ್ ಮೇಲೆ ಹರವಿ ತೋರಿಸಿದೆ. ಮೇಡಂ ಒಂದನ್ನು ಎತ್ತಿ ತಿರುಗಿಸಿ ನೋಡಿದರು. ಸಾಹುಕಾರರು ಮಾತ್ರ ಬೆಣೆಯತ್ತ ನೋಡಲಿಲ್ಲ.

"ಎಲ್ಲಾ ಸರಿ. ಕರೆಂಟ್ ಯಾವಾಗ?"

"ಕ್ಲ್ಯಾಂಪ್ ಎಲ್ಲಾ ಬದಲಾಗೋತನಕ ಇಲ್ಲ ಸಾಹುಕಾರ್ರೇ" ಅಂದೆ.

"ಅಷ್ಟರಲ್ಲಿ ನನ್ನ ಮೊಗ್ಗು ನಿಮ್ಮ ಹತ್ರ ಎಲ್‌ಸಿ ತಗೊಂಡು ಕಾಯ್ತದಾ? ಒಂದು ವರ್ಷದ ಬೆಳೆ ಮಾರಾಯ! ಕೂಲಿಯವರನ್ನೆಲ್ಲ ಲೈನ್ ಕೆಳಗಿಂದ ತೆಗೀತೇನೆ. ಒಂದು ನರಪಿಳ್ಳೆ ಓಡಾಡದ ಹಾಗೆ ನೋಡ್ತೇನೆ. ಎರಡೇ ದಿನ ಬಿಡಿ, ನೀರು ಕೊಟ್ಟು ಮುಗಿಸ್ತೇನೆ."

ಮೇಡಂ ನನ್ನ ಮುಖ ನೋಡಿದರು. ಅವರಿಗೆ ಬೆಳಗ್ಗೆಯಿಂದ ಮೇಲಿನಿಂದ ಫೋನು ಬರುತ್ತಿತ್ತು. "ಜನ ಇಲ್ಲದ ಹಾಗೆ ನೋಡ್ಕೊಂಡ್ರೆ ಎರಡು ದಿನ ಬಿಡಬಹುದಾ? ನೀವೇ ಹೇಳಿ, ನಿಮ್ಮ ಮಾತಿನ ಮೇಲೆ ನಾನು ಉತ್ತರ ಕೊಡ್ತೀನಿ" ಅಂದರು.

ಕೇಳಲು ನ್ಯಾಯವಾಗಿಯೇ ಇತ್ತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಒಂದು ಗಳಿಗೆ ನನ್ನ ಮನಸ್ಸೂ ಆ ಕಡೆಗೆ ವಾಲಿತು. ಆದರೆ ಆ ಇಳಿಜಾರಿನಲ್ಲಿ ಕಾಲುದಾರಿ ಇದೆ, ಲೇಬರ್ ಲೈನಿನ, ಅಂದರೆ ಕೂಲಿಯವರ ಮನೆಸಾಲಿನ, ಮಕ್ಕಳು ಶಾಲೆಗೆ ಹೋಗುವುದು ಅದರಲ್ಲೇ. ಸೌದೆ ಆರಿಸುವವರು ಯಾರ ಮಾತು ಕೇಳುತ್ತಾರೆ? ಕರಗಿದ ಏಣಿಯ ತುದಿ ಕಣ್ಣ ಮುಂದೆ ಬಂತು. "ಮೇಡಂ, ಎಲ್‌ಸಿ ನನ್ನ ಹೆಸರಲ್ಲಿದೆ, ನಾನು ವಾಪಸ್ ಕೊಡಲ್ಲ. ಬೇಕಾದ್ರೆ ನನ್ನ ಸಸ್ಪೆಂಡ್ ಮಾಡಿ, ಬೇರೆಯವರ ಕೈಲಿ ಕೊಡಿಸಿ" ಅಂದೆ. ಧೈರ್ಯದ ಮಾತಿನಂತೆ ಕೇಳಿರಬಹುದು, ಹೇಳಿಸಿದ್ದು ಮಾತ್ರ ಹೆದರಿಕೆ.

ಸಾಹುಕಾರರು ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ. "ಮೇಲಿನ ಬ್ಲಾಕ್ ಹೋದ ಹಾಗೇ" ಅಂತ ಹೇಳಿ ಜೀಪು ಹತ್ತಿದರು. ಸಂಜೆಯೊಳಗೆ ನೆಂಟರ ತೋಟದಿಂದ ಒಂದು ಡೀಸೆಲ್ ಇಂಜಿನ್ ತಂದರಂತೆ. ಅದು ಕೆಮ್ಮಿ ಕೆಮ್ಮಿ ಒಂದಿಷ್ಟು ನೀರೆತ್ತಿತು. ಮೇಲಿನ ಏರಿನ ಮೊಗ್ಗು ಮಾತ್ರ ಕೆಂಪಗಾಗಿ ಕರಟಿತು. ಅದನ್ನು ನಾನು ದಿನಾ ನೋಡುತ್ತಲೇ ಕೆಲಸ ಮಾಡಬೇಕಾಯಿತು. ಬೇಜಾರಾಗಲಿಲ್ಲ ಅಂದರೆ ಸುಳ್ಳು.

ಸ್ಟೋರಿನಲ್ಲಿ ಈ ಅಳತೆಯ ಕ್ಲ್ಯಾಂಪು ಇರಲಿಲ್ಲ, ತರಿಸಲು ಕಾಯುವ ಹಾಗೂ ಇರಲಿಲ್ಲ. ಮೇಡಂ ಮೇಲಿನವರ ಹತ್ತಿರ ತಾವೇ ಮಾತಾಡಿ ಒಪ್ಪಿಸಿದರು, ಅದು ಅವರ ದೊಡ್ಡತನ. ಕಂಬದ ತುದಿಯಲ್ಲಿ ಒಂದು ಅಳತೆ, ಬ್ರೇಸಿನ ಕಾಲು ಬರುವಲ್ಲಿ ಇನ್ನೊಂದು, ಎರಡನ್ನೂ ತಂತಿ ಸುತ್ತಿ ತೆಗೆದುಕೊಂಡು ಕುಶಾಲನಗರದ ವೆಲ್ಡಿಂಗ್ ಶಾಪಿಗೆ ಹೋದೆ. ಪಟ್ಟಿ ಕತ್ತರಿಸಿ, ಕಾಸಿ ಬಗ್ಗಿಸಿ, ಎರಡೂ ತುದಿಯ ಕಿವಿಗಳಿಗೆ ಬೋಲ್ಟಿನ ತೂತು ಹಾಕಿಸಿದೆ. ಮೊದಲ ಜೋಡಿ ತಂದು ಹಾಕಿದರೆ ಕಿವಿಗಳು ಒಂದಕ್ಕೊಂದು ಮುಟ್ಟಿಬಿಟ್ಟವು. ಅಂದರೆ ಮತ್ತೆ ಅದೇ ಸುಳ್ಳು ಬಿಗಿ. ಎರಡು ಕಿವಿಗಳ ನಡುವೆ ಸಂದಿ ಉಳಿದರೆ ಮಾತ್ರ ಕ್ಲ್ಯಾಂಪು ಕಂಬವನ್ನು ಹಿಡಿದಿದೆ ಎಂದು ಅರ್ಥ. ವಾಪಸ್ ಹೋಗಿ ಇನ್ನಷ್ಟು ಕಿರಿದು ಮಾಡಿಸಿದೆ, ಬೋಲ್ಟುಗಳಿಗೆ ಥ್ರೆಡ್ ಉದ್ದ ಕೊರೆಸಿದೆ. ಆಮೇಲೆ ಒಂದೊಂದೇ ಕಂಬ. ಆರ್ಮಿಗೆ ಹಗ್ಗ ಕಟ್ಟಿ ತಡೆಯುವುದು, ಹಳೇದನ್ನು ಬಿಚ್ಚುವುದು, ಹೊಸದನ್ನು ಬಿಗಿಯುವುದು, ಸಂದಿಯಲ್ಲಿ ಬೆರಳಿಟ್ಟು ನೋಡುವುದು. ಬೆಣೆಗಳೆಲ್ಲ ಒಂದು ಸಿಮೆಂಟ್ ಚೀಲದಲ್ಲಿ ಬೀಳುತ್ತಾ ಹೋದವು.

ಕೆಲಸ ಮುಗಿಯುತ್ತಾ ಬಂದಾಗ ಗುತ್ತಿಗೆದಾರರು ಆ ಲೈನ್ ಎಳೆದ ಮೇಸ್ತ್ರಿಯನ್ನು ಕಳಿಸಿದರು. ಅವನಿಗಾಗಿ ಒಂದು ವಾರದಿಂದ ಬೈಗುಳ ಕೂಡಿಟ್ಟಿದ್ದೆ. ಬಂದವನು ನನಗಿಂತ ವಯಸ್ಸಾದ, ಸಣಕಲು ಮನುಷ್ಯ. ಎಸ್ಟೇಟಿನಲ್ಲೇ ಹುಟ್ಟಿ ಬೆಳೆದವನಂತೆ. ಮನೆಮಾತು ತಮಿಳು, ನಮ್ಮೊಂದಿಗೆ ಕನ್ನಡ. ನಾನು ಚೀಲವನ್ನು ಅವನ ಕಾಲ ಬಳಿ ಸುರಿದೆ.

"ಇದೇನು ಮೇಸ್ತ್ರಿ?"

ಅವನು ಕುಕ್ಕರಗಾಲಲ್ಲಿ ಕೂತು ಒಂದನ್ನು ಎತ್ತಿಕೊಂಡ. "ನಾನೇ ಕೆತ್ತಿದ್ದು ಸಾರ್. ಬಂದ ಕ್ಲ್ಯಾಂಪೆಲ್ಲ ದೊಡ್ಡದು. ಫೋನ್ ಮಾಡಿದ್ರೆ ಅದನ್ನೇ ಅಡ್ಜಸ್ಟ್ ಮಾಡು ಅಂದ್ರು. ಬೇರೆಯವರಾಗಿದ್ರೆ ಹಂಗೇ ಹಾಕಿ ಹೋಗ್ತಿದ್ರು. ನನಗೆ ಮನಸ್ಸು ಒಪ್ಪಲಿಲ್ಲ. ಕಾಫಿ ಮರ ಸಾರ್, ಸುಮ್ನೆ ಅಲ್ಲ. ಕತ್ತಿಗೆ, ಗುದ್ದಲಿಗೆ ಹಿಡಿ ಅದರದ್ದೇ ಅಲ್ವಾ. ಎಷ್ಟು ಗಟ್ಟಿ! ಒಂದೊಂದು ಕಂಬಕ್ಕೂ ಅಳತೆ ನೋಡಿ ಕೆತ್ತಿದ್ದೇನೆ. ಮಳೆಗೆ ಕೊಳೀಬಾರ್ದು ಅಂತ ಮೇಲೆ ಬಣ್ಣ ಬೇರೆ…" ಹೇಳುತ್ತಾ ಹೇಳುತ್ತಾ ಬೆಣೆಯನ್ನು ಅಂಗೈಯಲ್ಲಿ ತೂಗಿ ನೋಡಿದ. ಒಣಗಿ ಹಗುರವಾಗಿತ್ತು.

ಮೋಸ ಮಾಡಿದ್ದರೆ ಬೈಯಬಹುದಿತ್ತು. ಇಷ್ಟು ಶ್ರದ್ಧೆಯಿಂದ ಮಾಡಿದ ತಪ್ಪಿಗೆ ಏನಂತ ಬೈಯುವುದು? ಅವನು ಹಸಿಯಾಗಿ ಹೊಡೆದು ಹೋದವನು, ಬೇಸಿಗೆಯಲ್ಲಿ ಬಂದು ನೋಡಿದವನಲ್ಲ. ಜೊತೆಗಾರ ಏಣಿಯ ಸುದ್ದಿ ಹೇಳಿದ. ಮೇಸ್ತ್ರಿ ಎರಡೂ ಕೈಯಿಂದ ತಲೆ ಹಿಡಿದುಕೊಂಡ. ಆಮೇಲೆ ತಾನಾಗಿಯೇ ತಲೆ ಎತ್ತಿ, "ಸಾರ್, ಇಲ್ಲಿ ಮುಗಿಸಿ ನಾವು ಸೀದಾ ಕುಶಾಲನಗರದ ಕಡೆ ಇಳಿದ್ವಿ. ಶುಂಠಿ ಹೊಲದ ನಡುವೆ ಒಂದು ಲೈನು. ಅದಕ್ಕೂ ಇದೇ ಕ್ಲ್ಯಾಂಪು. ಅಲ್ಲಿ ಕಾಫಿ ಮರ ಸಿಗಲ್ಲ ಅಂತ ಇಲ್ಲಿಂದಾನೇ ಒಂದು ಚೀಲ ಬೆಣೆ ಕೆತ್ಕೊಂಡು ಹೋಗಿದ್ದೆ" ಅಂದ.

"ಯಾವ ಊರು?"

ಊರ ಹೆಸರು ಹೇಳಿದ. ನಮ್ಮೂರು.

ಶುಂಠಿ ಕೀಳುವ ಮೊದಲು ಹೊಲಕ್ಕೆ ನೀರು ನಿಲ್ಲಿಸಿ ತಿಂಗಳ ಮೇಲಾಗಿತ್ತು. ಸಬ್‌ಸ್ಟೇಷನ್ನಿಗೆ ಫೋನ್ ಹಚ್ಚಿದೆ. "ನಮ್ಮೂರಿನ ಲೈನ್ ತೆಗಿ."

"ಯಾಕಣ್ಣ, ಫಾಲ್ಟ್ ಏನೂ ತೋರಿಸ್ತಿಲ್ವಲ್ಲ? ಎಲ್‌ಸಿ ಯಾರ ಹೆಸರಿಗೆ ಬರೀಲಿ?"

"ನನ್ನ ಹೆಸರಿಗೇ ಬರಿ. ಮೊದ್ಲು ತೆಗಿಯೋ ಮಾರಾಯ!"

ಹೆಂಡತಿಗೆ ಫೋನ್ ಮಾಡಿದೆ. ರಿಂಗಾಗುತ್ತಲೇ ಇತ್ತು. ಹೊಲಕ್ಕೆ ಫೋನ್ ಒಯ್ಯುವ ಅಭ್ಯಾಸ ಅವಳಿಗಿಲ್ಲ. ಕರೆಂಟು ತೆಗೆದಾಗಿದೆ ಅಂತ ಗೊತ್ತಿದ್ದೂ ದಾರಿಯುದ್ದಕ್ಕೂ ಮತ್ತೆ ಮತ್ತೆ ಅವಳ ನಂಬರ್ ಒತ್ತುತ್ತಲೇ ಇದ್ದೆ. ತೆಗೆಯುವ ಮೊದಲೇ ಏನಾದರೂ ಆಗಿದ್ದರೆ? ಜೊತೆಗಾರ ಜೀಪು ಓಡಿಸುತ್ತಿದ್ದ.

ನಮ್ಮ ಹೊಲದ ಬದುವಿನಲ್ಲಿ ಕಂಬವಿದೆ. ಅದರ ಬುಡಕ್ಕೆ ಶುಂಠಿ ಚೀಲಗಳನ್ನು ಒಟ್ಟಿದ್ದರು. ಚೀಲಕ್ಕೊರಗಿ ನನ್ನ ಹೆಂಡತಿ ಮಜ್ಜಿಗೆ ಕುಡಿಯುತ್ತಿದ್ದಳು. ನಾನು ಏದುಸಿರು ಬಿಡುತ್ತಾ ಓಡಿಬಂದದ್ದನ್ನು ಕಂಡು ಲೋಟ ಕೆಳಗಿಟ್ಟಳು.

"ಏನಾಯ್ತು? ಕರೆಂಟ್ ಯಾಕೆ ತೆಗೆದ್ರಿ? ಶುಂಠಿ ತೊಳಿಯೋ ಮೋಟ್ರು ನಿಂತೋಯ್ತು."

"ಮೊದ್ಲು ಇಲ್ಲಿಂದ ಏಳು" ಅಂತ ಕೈ ಹಿಡಿದು ಎಳೆದೆ. "ಬಿಡಿ, ಆಳುಗಳು ನೋಡ್ತಾವ್ರೆ" ಅಂತ ಸಿಡುಕುತ್ತಾ ಬಂದಳು. ಬದುವಿನಾಚೆ ನಿಲ್ಲಿಸಿ ತಲೆ ಎತ್ತಿ ನೋಡಿದೆ. ಆ ಕಂಬದ ಕೆಳಗೆ ನಾನು ದಿನಾ ಬೆಳಗ್ಗೆ ಬೈಕಿನಲ್ಲಿ ಹಾದೇ ಡ್ಯೂಟಿಗೆ ಹೋಗುವುದು. ಕ್ರಾಸ್ ಆರ್ಮ್ ತುದಿಯಿಂದ ಒಂದು ಗೇಣು ಕೆಳಗಿತ್ತು, ಒಂದು ಭುಜ ನಮ್ಮ ಚೀಲಗಳ ಕಡೆಗೆ ವಾಲಿತ್ತು.

ನನ್ನ ಕಣ್ಣು ಹೋದ ಕಡೆಗೇ ಅವಳೂ ನೋಡಿದಳು.

"ಅದಾ? ಶಿವರಾತ್ರಿಯಿಂದ್ಲೂ ಹಂಗೇ ಐತೆ. ನಿಮ್ಮೋರು ಹಾಕಿರೋದೇ ಹಂಗೆ ಅಂದ್ಕೊಂಡಿದ್ದೆ."